ಹೋಟೆಲ್ ಮಾಣಿ, ಗಿರಣಿ ಪಾಳಿ, ರಾತ್ರಿ ಶಾಲೆ: ಮುಂಬಯಿಯ ಮರೆತ ಬದುಕನ್ನು ದಾಖಲಿಸುವ ವರದಿಗಾರರಿಗೆ

ಮುಂಬಯಿ ಕನ್ನಡಿಗರ ಬಗ್ಗೆ ಬರೆಯಲು ಹೊರಟ ವರದಿಗಾರರು ಸಾಮಾನ್ಯವಾಗಿ ಮೊದಲು ಸಂಘದ ಅಧ್ಯಕ್ಷರ ಬಳಿ ಹೋಗುತ್ತಾರೆ. ಅಲ್ಲಿ ಸ್ಥಾಪನೆಯ ವರ್ಷ, ಸಭಾಭವನ ಕಟ್ಟಿದ ಕತೆ, ಸನ್ಮಾನ ಪಡೆದವರ ಹೆಸರು ಸಿಗುತ್ತವೆ. ಅಷ್ಟೆಲ್ಲ ಸ್ಮರಣ ಸಂಚಿಕೆಯಲ್ಲಿ ಆಗಲೇ ಅಚ್ಚಾಗಿದೆ. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಬಂದು ಹೋಟೆಲಿನ ಲೋಟ ತೊಳೆದವರ ದಿನಚರಿ, ಗಿರಣಿಯ ಮೂರನೇ ಪಾಳಿ ಮುಗಿಸಿ ಖಾನಾವಳಿಯಲ್ಲಿ ಉಂಡವರ ಲೆಕ್ಕ, ಹತ್ತು ಜನರ ಖೋಲಿಯಲ್ಲಿ ಮನೆ ನಡೆಸಿದ ಹೆಂಗಸರ ಯುಕ್ತಿ ಮಾತ್ರ ಎಲ್ಲೂ ಅಚ್ಚಾಗಿಲ್ಲ. ಇದನ್ನು ಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ. 1957ರಲ್ಲಿ ಹನ್ನೆರಡು ವಯಸ್ಸಿನವನಾಗಿ ಬಂದ ಹುಡುಗನಿಗೆ ಈಗ ಎಂಬತ್ತರ ಆಸುಪಾಸು. 1982ರ ಗಿರಣಿ ಮುಷ್ಕರದಲ್ಲಿ ಮೂವತ್ತು ವಯಸ್ಸಿನವರಾಗಿದ್ದವರಿಗೆ ಎಪ್ಪತ್ತು ದಾಟಿದೆ. ಕೆಲಸದ ಅವಸರ ಎಷ್ಟೆಂದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಡಿ. ನೀವು ಬರೆಯುವ ಲೇಖನ ಈ ಕೆಲಸದ ಸಣ್ಣ ಭಾಗ. ಮೂಲ ಧ್ವನಿ, ಅದರ ಲಿಪ್ಯಂತರ (ಮಾತನ್ನು ಹಾಗೆಯೇ ಬರಹಕ್ಕಿಳಿಸಿದ್ದು), ಅದರ ಜೊತೆಗಿನ ಫೋಟೊ ಮತ್ತು ಕಾಗದ, ಇವು ನಿಜವಾದ ಗಳಿಕೆ. ಆ ಮೂರನ್ನು ಸರಿಯಾಗಿ ಕೂಡಿಟ್ಟರೆ ಹತ್ತು ವರ್ಷದ ಮೇಲೆ ಇನ್ನೊಬ್ಬರು ಬಂದು ನೀವು ಕೇಳದೆ ಬಿಟ್ಟ ಪ್ರಶ್ನೆಗೂ ಅದರಲ್ಲೇ ಉತ್ತರ ಹುಡುಕಬಹುದು.

ವಿಷಯವನ್ನು ಕಿರಿದು ಮಾಡಿ

"ಮುಂಬಯಿಯ ತುಳುವರು" ಎಂಬುದು ವಿಷಯವಲ್ಲ, ಅದೊಂದು ಸಮುದ್ರ. ಒಂದು ಕೆಲಸ, ಒಂದು ಜಾಗ, ಒಂದು ಕಾಲ, ಈ ಮೂರು ಗೂಟ ನೆಟ್ಟರೆ ಮಾತ್ರ ವಿಷಯ ನಿಲ್ಲುತ್ತದೆ. "1955ರಿಂದ 1975ರವರೆಗೆ ಫೋರ್ಟ್ ಭಾಗದ ಹೋಟೆಲುಗಳಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಗೆ ಹೋದ ಹುಡುಗರು" ಎಂದರೆ ಯಾರನ್ನು ಹುಡುಕಬೇಕು, ಏನು ಕೇಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಪರೇಲ್, ಲಾಲ್‌ಬಾಗ್ ಭಾಗದ ಖಾನಾವಳಿಗಳು, ಬಂದರಿನ ಮೀನು ವ್ಯಾಪಾರದಲ್ಲಿದ್ದ ಮೊಗವೀರರು, ಶನಿವಾರ ಸಂಜೆ ಶನಿಗ್ರಂಥ ಪಾರಾಯಣ ನಡೆಸುತ್ತಿದ್ದ ಹೋಟೆಲ್ ಕಾರ್ಮಿಕರ ಸಮಿತಿಗಳು, ಇಂಥ ಒಂದೊಂದರಲ್ಲೂ ಎರಡು ವರ್ಷದ ಕೆಲಸವಿದೆ.

ಒಂದು ವಿಷಯಕ್ಕೆ ಎಂಟರಿಂದ ಹನ್ನೆರಡು ಜನ ಸಾಕು. ಅದರಲ್ಲಿ ಮಾಲೀಕರು ಇಬ್ಬರಿಗಿಂತ ಹೆಚ್ಚು ಬೇಡ, ಹೆಂಗಸರು ಮೂವರಿಗಿಂತ ಕಡಿಮೆ ಬೇಡ. ಎಲ್ಲರನ್ನೂ ಒಬ್ಬರೇ ಪರಿಚಯಿಸಿದರೆ ಎಲ್ಲರೂ ಒಂದೇ ಕತೆ ಹೇಳುತ್ತಾರೆ. ಆದ್ದರಿಂದ ಕನಿಷ್ಠ ಮೂರು ಬೇರೆ ಬೇರೆ ದಾರಿಯಿಂದ ಜನರನ್ನು ತಲುಪಿ: ಸಂಘ, ದೇವಸ್ಥಾನದ ಭಜನಾ ಮಂಡಳಿ, ಮತ್ತು ಹಳೆಯ ಹೋಟೆಲಿನ ಅಡುಗೆ ಭಂಡಾರಿ. ಮುಂಬಯಿಯ ಕನ್ನಡ ಪತ್ರಿಕೆಗಳ ನಿಧನ ವಾರ್ತೆಗಳನ್ನು ಪ್ರತಿದಿನ ಓದುವುದೂ ಈ ಕೆಲಸದ ಭಾಗವೇ. ತೀರಿಕೊಂಡವರು ಎಲ್ಲಿ ದುಡಿದರು, ಮೂಲ ಊರು ಯಾವುದು ಎಂಬುದು ಅಲ್ಲಿರುತ್ತದೆ, ಮತ್ತು ಅವರ ಜೊತೆಗಾರರು ಇನ್ನೂ ಇರುತ್ತಾರೆ. ನಿವೃತ್ತರಾದವರಲ್ಲಿ ಹಲವರು ಊರಿಗೆ ಮರಳಿರುತ್ತಾರೆ ಎಂಬುದನ್ನು ಮರೆಯಬೇಡಿ. ಮಾಟುಂಗದ ಒಳ್ಳೆಯ ಕತೆ ಎಷ್ಟೋ ಸಲ ಕುಂದಾಪುರದ ಜಗಲಿಯಲ್ಲಿ ಕುಳಿತಿರುತ್ತದೆ.

ಹೋಗುವ ಮೊದಲು ಓದುವುದು

ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು. ಇಷ್ಟು ಹಳೆಯ ಸಂಸ್ಥೆಗಳಿರುವ ಕಡೆ ಸ್ಮರಣ ಸಂಚಿಕೆಗಳಿಗೆ ಬರವಿಲ್ಲ. ಅವನ್ನು ಹಿಂದಿನಿಂದ ಓದಿ. ಮುನ್ನುಡಿ, ಸಂದೇಶಗಳಿಗಿಂತ ಕೊನೆಯ ಪುಟಗಳ ಜಾಹೀರಾತುಗಳೇ ಹೆಚ್ಚು ಹೇಳುತ್ತವೆ: ಹೋಟೆಲಿನ ಹೆಸರು, ಬೀದಿ, ಮಾಲೀಕರ ಹೆಸರು, ಫೋನ್ ನಂಬರು. ವಿಳಾಸದಲ್ಲಿ "ಬೊಂಬಾಯಿ-19" ಎಂದಿದ್ದರೆ ಅದು ಮಾಟುಂಗ. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಆಗ ಅದೇ 19 ಹೋಗಿ 400019 ಆಯಿತು. ತಾರೀಖಿಲ್ಲದ ಲೆಟರ್‌ಹೆಡ್ ಅಥವಾ ಮೆನು ಕಾರ್ಡ್ ಸಿಕ್ಕರೆ ಮೊದಲು ನೋಡಬೇಕಾದದ್ದು ಇದನ್ನು. ಹಳೆಯ ಕಾಗದ ಮುಗಿಯುವವರೆಗೂ ಅದನ್ನೇ ಬಳಸಿದವರಿದ್ದಾರೆ. ಹಾಗಾಗಿ ಇದು ಅಂದಾಜಿಗೆ ಆಧಾರ, ಖಚಿತ ಸಾಕ್ಷ್ಯವಲ್ಲ.

ಬೀದಿಗಳ ಹಳೆಯ ಹೆಸರುಗಳ ಪಟ್ಟಿಯೊಂದು ನಿಮ್ಮ ಡೈರಿಯಲ್ಲಿರಲಿ. ಹಿರಿಯರು ಹಾರ್ನ್‌ಬಿ ರೋಡ್ ಎಂದರೆ ಈಗಿನ ದಾದಾಭಾಯಿ ನವರೋಜಿ ರಸ್ತೆ, ಫ್ರಿಯರ್ ರೋಡ್ ಎಂದರೆ ಪಿ. ಡಿ'ಮೆಲ್ಲೊ ರಸ್ತೆ, ಮೆಡೋಸ್ ಸ್ಟ್ರೀಟ್ ಎಂದರೆ ನಗೀನದಾಸ್ ಮಾಸ್ಟರ್ ರಸ್ತೆ. ಅವರು ಹೇಳಿದ ಹೆಸರನ್ನೇ ಬರೆದುಕೊಂಡು ಹೊಸ ಹೆಸರನ್ನು ಪಕ್ಕದಲ್ಲಿಡಿ. ತಿದ್ದಲು ಹೋಗಬೇಡಿ, ಮಾತಿನ ಓಟ ಮುರಿಯುತ್ತದೆ.

ರಾಜ್ಯದ ಗಡಿಯ ಲೆಕ್ಕವೂ ಗೊತ್ತಿರಬೇಕು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬಯಿಗೆ ಸೇರಿದ್ದವು. ಅಂದರೆ ಅಂಕೋಲೆಯಿಂದ ಬಂದವರು ತಮ್ಮದೇ ರಾಜಧಾನಿಗೆ ಬಂದಿದ್ದರು, ಉಡುಪಿಯಿಂದ ಬಂದವರು ಬೇರೆ ಪ್ರಾಂತಕ್ಕೆ ಬಂದಿದ್ದರು. ಶಾಲೆಯ ಸರ್ಟಿಫಿಕೇಟಿನ ಭಾಷೆ, ನೌಕರಿಯ ಅರ್ಹತೆ, ದಾಖಲೆ ಹುಡುಕಬೇಕಾದ ಕಚೇರಿ, ಎಲ್ಲವೂ ಇದರ ಮೇಲೆ ನಿಂತಿವೆ.

ಮೊದಲ ಭೇಟಿಗೆ ರೆಕಾರ್ಡರ್ ಒಯ್ಯಬೇಡಿ. ಅರ್ಧ ಗಂಟೆ ಕುಳಿತು, ಚಹಾ ಕುಡಿದು, ಏಕೆ ಬಂದಿದ್ದೀರಿ, ಧ್ವನಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಿ ಬನ್ನಿ. ಆ ಮನೆಯಲ್ಲಿ ಯಾವ ಹೊತ್ತಿಗೆ ಗದ್ದಲ ಕಡಿಮೆ, ಅಜ್ಜನಿಗೆ ಯಾವ ಹೊತ್ತಿಗೆ ಔಷಧಿ, ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂಬುದನ್ನು ಅಷ್ಟರಲ್ಲಿ ಕಂಡುಕೊಳ್ಳಿ.

ಖೋಲಿಯಲ್ಲಿ ಧ್ವನಿ ಹಿಡಿಯುವುದು

ಉಪಕರಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಜೂಮ್ ಅಥವಾ ಟ್ಯಾಸ್ಕಾಮ್ ಕಂಪನಿಯ ಸಣ್ಣ ರೆಕಾರ್ಡರ್ ಮತ್ತು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಸಾಕು. ಮೊಬೈಲಿನಲ್ಲೇ ಮಾಡುವುದಾದರೆ ಹೊರಗಿನ ಮೈಕ್ ಹಾಕಿ, ಧ್ವನಿಯನ್ನು ಕುಗ್ಗಿಸದೆ ಡಬ್ಲ್ಯುಎವಿ (WAV) ರೂಪದಲ್ಲಿ ಉಳಿಸುವ ಆ್ಯಪ್ ಬಳಸಿ, ಫ್ಲೈಟ್ ಮೋಡ್ ಹಾಕಿ. ಮಾತಿನ ನಡುವೆ ಕರೆ ಬಂದರೆ ಕೆಲವು ಫೋನ್‌ಗಳು ರೆಕಾರ್ಡಿಂಗನ್ನೇ ನಿಲ್ಲಿಸಿಬಿಡುತ್ತವೆ, ನಿಮಗೆ ತಿಳಿಯುವುದೂ ಇಲ್ಲ.

ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ, ಮೊನೊ ಆದರೆ ಅದರರ್ಧ. ಒಬ್ಬರ ಮಾತಿಗೆ ಮೊನೊ ಸಾಕು. 128 ಕೆಬಿಪಿಎಸ್ ಎಂಪಿ3 ಗಂಟೆಗೆ 58 ಎಂಬಿಯಷ್ಟೇ ಆಗುತ್ತದೆ ನಿಜ, ಆದರೆ ಒಮ್ಮೆ ಕುಗ್ಗಿಸಿದ ಧ್ವನಿ ಮತ್ತೆ ಹಿಗ್ಗುವುದಿಲ್ಲ. ಕುಗ್ಗಿಸಿದ ಪ್ರತಿ ಹಂಚಲಿಕ್ಕೆ ಇರಲಿ, ಮೂಲವಾಗಿ ಇಡಲು ಬೇಡ. ಮಾತಿನ ಮಟ್ಟ ಮೈನಸ್ 12 ಡೆಸಿಬಲ್ ಸುತ್ತ ಆಡುವಂತೆ ಗೇನ್ (ಮೈಕಿನ ಧ್ವನಿ ಎತ್ತುವ ಮಟ್ಟ) ಇಡಿ. ನಗು ಬಂದಾಗ ಮೈನಸ್ 6 ಮುಟ್ಟಿದರೆ ತೊಂದರೆಯಿಲ್ಲ, ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ. "ಆಟೋ ಗೇನ್" ಆಫ್ ಮಾಡಿ. ಅದು ಆನ್ ಇದ್ದರೆ ಹಿರಿಯರು ಮೌನವಾದ ಕೂಡಲೇ ಫ್ಯಾನಿನ ಸದ್ದನ್ನು ಎತ್ತಿ ತುಂಬುತ್ತದೆ, ಮತ್ತೆ ಮಾತಾಡಿದಾಗ ಮೊದಲ ಪದವನ್ನು ನುಂಗುತ್ತದೆ.

ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಅಂದರೆ 15ರಿಂದ 20 ಸೆಂಟಿಮೀಟರು. ಹೆಂಗಸರ ಕರಿಮಣಿ, ಗಂಡಸರ ಜೇಬಿನ ಪೆನ್ನು ತಾಗದಂತೆ ನೋಡಿ. ರೇಷ್ಮೆ ಅಥವಾ ಗಂಜಿ ಹಾಕಿದ ಬಟ್ಟೆ ಸರಬರ ಎನ್ನುತ್ತದೆ, ಮೈಕ್ ಸುತ್ತ ಸಣ್ಣ ಟೇಪಿನ ತುಂಡು ಹಚ್ಚಿದರೆ ನಿಲ್ಲುತ್ತದೆ.

ಹತ್ತು ಹನ್ನೆರಡು ಅಡಿಯ ಖೋಲಿಯಲ್ಲಿ ಶತ್ರುಗಳು ಹಲವರು: ಸೀಲಿಂಗ್ ಫ್ಯಾನ್, ಫ್ರಿಜ್, ಪಕ್ಕದ ಮನೆಯ ಟಿವಿ, ಕುಕ್ಕರಿನ ಸೀಟಿ, ಲೋಕಲ್ ರೈಲು. ಮೇ ತಿಂಗಳಲ್ಲಿ ಎಂಬತ್ತು ವಯಸ್ಸಿನವರ ಮನೆಯ ಫ್ಯಾನ್ ನಿಲ್ಲಿಸುವುದು ಸಲ್ಲದು, ವೇಗ ಕಡಿಮೆ ಮಾಡಿ ಮೈಕನ್ನು ಹತ್ತಿರ ತನ್ನಿ. ಫ್ರಿಜ್ ಆಫ್ ಮಾಡುವುದಾದರೆ ನಿಮ್ಮ ಚಪ್ಪಲಿಯನ್ನೋ ಬೀಗದ ಕೈಯನ್ನೋ ಅದರ ಮೇಲಿಡಿ, ಹೊರಡುವಾಗ ಮತ್ತೆ ಆನ್ ಮಾಡಲು ನೆನಪಾಗುತ್ತದೆ. ಗೋಡೆ ಬರಿದಾಗಿದ್ದರೆ ಧ್ವನಿ ಗುಂಯ್ ಎನ್ನುತ್ತದೆ, ಮಡಚಿದ ಹಾಸಿಗೆಯನ್ನು ಎದುರು ಗೋಡೆಗೆ ಒರಗಿಸಿದರೆ ಸಾಕಷ್ಟು ಇಳಿಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ಹೊತ್ತು: ನೀರು ಬರುವ ಗಡಿಬಿಡಿ ಇರುವುದಿಲ್ಲ, ಮಕ್ಕಳು ಶಾಲೆಯಿಂದ ಬಂದಿರುವುದಿಲ್ಲ.

ಆರಂಭದಲ್ಲಿ ತಾರೀಖು, ಜಾಗ, ಇರುವವರ ಹೆಸರು ಹೇಳಿ. ಕೊನೆಯಲ್ಲಿ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಕೋಣೆಯ ಸದ್ದನ್ನಷ್ಟೇ ಹಿಡಿಯಿರಿ. ಮುಂದೆ ಸಂಕಲನ ಮಾಡುವಾಗ ಕತ್ತರಿಸಿದ ಜಾಗ ಮುಚ್ಚಲು ಅದೇ ಬೇಕು. ಕೆಲವು ರೆಕಾರ್ಡರ್‌ಗಳು 2 ಜಿಬಿ ತುಂಬಿದೊಡನೆ ಹೊಸ ಫೈಲ್ ತೆರೆಯುತ್ತವೆ. ಎರಡೂ ಫೈಲ್ ನಕಲಾಗಿವೆಯೇ ಎಂದು ಮನೆಗೆ ಬಂದು ನೋಡದೆ ಕಾರ್ಡ್ ಅಳಿಸಬೇಡಿ.

ಕೇಳುವ ಬಗೆ

"ಆಗ ನಿಮಗೆ ಹೇಗನಿಸಿತು?" ಎಂಬ ಪ್ರಶ್ನೆಗೆ "ಕಷ್ಟ ಇತ್ತು, ಆದ್ರೆ ಖುಷಿ ಇತ್ತು" ಎಂಬ ಉತ್ತರ ಬರುತ್ತದೆ. ಎಲ್ಲರಿಂದಲೂ ಅದೇ ಬರುತ್ತದೆ. ಕೆಲಸದ ವಿಧಾನ ಕೇಳಿದರೆ ಕಷ್ಟವೂ ಖುಷಿಯೂ ಅದರೊಳಗಿಂದ ತಾನೇ ಹೊರಬೀಳುತ್ತವೆ.

ಹೋಟೆಲಿನಲ್ಲಿದ್ದವರಿಗೆ ಹೀಗೆ ಕೇಳಿ: ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಎಬ್ಬಿಸುತ್ತಿದ್ದವರು ಯಾರು? ರಾತ್ರಿ ಎಲ್ಲಿ ಮಲಗುತ್ತಿದ್ದಿರಿ, ಟೇಬಲ್ ಜೋಡಿಸಿಯೋ, ಮಾಳಿಗೆಯಲ್ಲೋ? ಟ್ರಂಕ್ ಎಲ್ಲಿಡುತ್ತಿದ್ದಿರಿ? ಇಡ್ಲಿಗೆ ದಿನಕ್ಕೆ ಎಷ್ಟು ಅಕ್ಕಿ ನೆನೆಹಾಕುತ್ತಿದ್ದರು, ಅಳತೆ ಸೇರಿನದೋ ಡಬ್ಬದ್ದೋ? ಲೋಟ ತೊಳೆಯುವವನಿಂದ ಮಾಣಿ, ಮಾಣಿಯಿಂದ ಗಲ್ಲಾದವರೆಗೆ ಏರಲು ಎಷ್ಟು ವರ್ಷ ಹಿಡಿಯಿತು? ಲೋಟ ಒಡೆದರೆ ಸಂಬಳದಿಂದ ಕಳೆಯುತ್ತಿದ್ದರೇ? ಊರಿಗೆ ಮನಿಯಾರ್ಡರ್ ತಿಂಗಳಿಗೆ ಎಷ್ಟು, ಫಾರಂ ತುಂಬಿಕೊಡುತ್ತಿದ್ದವರು ಯಾರು? ಶಾಲೆಗೆ ಹೋಗಲು ಸಂಜೆ ಬಿಡುತ್ತಿದ್ದರೆ ಆ ಹೊತ್ತಿನ ಕೆಲಸ ಯಾರ ತಲೆಗೆ?

ಅಡುಗೆಮನೆಯ ನಕ್ಷೆ ಬರೆದುಕೊಡಲು ಹೇಳಿ. ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು "ಭಟ್ಟಿ ಎಲ್ಲಿತ್ತು, ರುಬ್ಬುವ ಕಲ್ಲು ಎಲ್ಲಿತ್ತು" ಎಂದರೆ ಮಾತಿಗೆ ಸಿಗದ ಎಷ್ಟೋ ಸಂಗತಿ ಕೈಗೆ ಬರುತ್ತದೆ. ರೆಕಾರ್ಡಿಂಗಿಗೆ ನಕ್ಷೆ ಕಾಣುವುದಿಲ್ಲ. ಅವರು "ಇಲ್ಲಿ" ಎಂದಾಗ ನೀವು "ಬಾಗಿಲಿನ ಎಡಕ್ಕೆ, ಅಲ್ವಾ?" ಎಂದು ಬಾಯಲ್ಲಿ ಹೇಳಿ. ಕೈಯಲ್ಲಿ ಅಳತೆ ತೋರಿಸಿದಾಗಲೂ ಹಾಗೆಯೇ.

ಹೆಂಗಸರ ಬಳಿ ಹೋದಾಗ "ನಂದೆಂತ ಕತೆ, ಅವರನ್ನೇ ಕೇಳಿ" ಎಂಬ ಮಾತು ಬಂದೇ ಬರುತ್ತದೆ. ಗಂಡನೂ ಮಗನೂ ಪಕ್ಕದಲ್ಲಿದ್ದರೆ ಅವರೇ ಉತ್ತರ ಕೊಡುತ್ತಾರೆ. ಹೆಂಗಸರೊಂದಿಗಿನ ಮಾತನ್ನು ಬೇರೆ ದಿನಕ್ಕೆ, ಅಡುಗೆಮನೆಗೆ ಇಟ್ಟುಕೊಳ್ಳಿ. ತರಕಾರಿ ಹೆಚ್ಚುತ್ತ ಆಡಿದ ಮಾತಿನಲ್ಲಿ ಚಾಕುವಿನ ಸದ್ದು ಇರುತ್ತದೆ, ಇರಲಿ. ಸಾರ್ವಜನಿಕ ನಲ್ಲಿಯ ಸರದಿ, ಮೋರಿಯಲ್ಲಿ (ಖೋಲಿಯ ಮೂಲೆಯ ಬಚ್ಚಲಲ್ಲಿ) ಸ್ನಾನಕ್ಕೆ ಪರದೆ ಕಟ್ಟಿದ ಬಗೆ, ಊರಿಂದ ಬಂದ ಮೈದುನ ಭಾವಂದಿರೆಲ್ಲ ಒಂದೇ ಖೋಲಿಯಲ್ಲಿದ್ದಾಗ ಬಾಣಂತನ ನಡೆದದ್ದು, ಇವನ್ನು ಅವರಲ್ಲದೆ ಬೇರಾರೂ ಹೇಳಲಾರರು.

ಕರೆಯುವ ರೀತಿಯಲ್ಲೂ ಎಚ್ಚರವಿರಲಿ. ತುಳು ಮನೆಯಲ್ಲಿ "ಈರ್" ಎನ್ನುವ ಕಡೆ ಕನ್ನಡದ "ನೀವು" ಒಮ್ಮೊಮ್ಮೆ ದೂರ ನಿಲ್ಲಿಸುತ್ತದೆ. ತುಳು ಬಾರದಿದ್ದರೆ ನಟಿಸಬೇಡಿ, ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಆದರೆ ಅವರು ಆ ಮನೆಯ ನೆಂಟರಾಗದಿರಲಿ.

ಒಂದು ಸಲದ ಮಾತುಕತೆ ಒಂದೂವರೆ ಗಂಟೆ ದಾಟಬಾರದು. ಅಷ್ಟಾದ ಮೇಲೆ ಹಿರಿಯರು ನಿಮ್ಮನ್ನು ಕಳಿಸಲೆಂದು ಉತ್ತರ ಕೊಡುತ್ತಾರೆ. ಮೌನವಾದಾಗ ಐದಾರು ಸೆಕೆಂಡು ಕಾಯಿರಿ, ಮುಂದಿನ ಪ್ರಶ್ನೆಯನ್ನು ತುರುಕಬೇಡಿ.

ಇಸವಿ ಹಿಡಿಯುವ ಉಪಾಯ

ನೆನಪಿಗೆ ಇಸವಿ ಇರುವುದಿಲ್ಲ, ಬೆಲೆ ಇರುತ್ತದೆ. "ನಾನು ಬಂದಾಗ ಚಹಾ ಎರಡಾಣೆ" ಎಂದರೆ ಮೊದಲು ನೆನಪಾಗಬೇಕಾದದ್ದು 1957ರ ಏಪ್ರಿಲ್ 1, ಅಂದು ನೂರು ಪೈಸೆಯ ರೂಪಾಯಿ ಬಂತು. ಆದರೆ ಇಲ್ಲೊಂದು ಬಲೆ ಇದೆ. ಆಣೆಯ ನಾಣ್ಯಗಳು ಆಮೇಲೂ ಕೆಲವು ವರ್ಷ ಚಲಾವಣೆಯಲ್ಲಿದ್ದವು, ಜನರ ಬಾಯಲ್ಲಿ ಇನ್ನೂ ಹೆಚ್ಚು ಕಾಲ ಇದ್ದವು. ನಾಲ್ಕಾಣೆ ಎಂದರೆ ಇಪ್ಪತ್ತೈದು ಪೈಸೆ ಎಂದು 1980ರಲ್ಲೂ ಹೇಳುತ್ತಿದ್ದರು. ಹಾಗಾಗಿ "ಅದು ತೂತಿನ ನಾಣ್ಯವೋ, ನಯಾ ಪೈಸೆಯೋ?" ಎಂದು ಮತ್ತೊಂದು ಪ್ರಶ್ನೆ ಕೇಳಿ. "ನಯಾ" ಎಂಬ ಪದ ನಾಣ್ಯದಿಂದ ಹೋದದ್ದು 1964ರಲ್ಲಿ.

ಊರಿಂದ ಬಂದ ದಾರಿಯೂ ಕಾಲ ಹೇಳುತ್ತದೆ. ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿ 26ಕ್ಕೆ. ಅದಕ್ಕೂ ಮೊದಲು ಘಟ್ಟ ಹತ್ತಿ ಬಸ್ಸು, ಅದಕ್ಕೂ ಹಿಂದೆ ಕರಾವಳಿಯ ಸ್ಟೀಮರ್. ಸ್ಟೀಮರುಗಳು ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಆಷಾಢದಲ್ಲಿ ಸ್ಟೀಮರಿನಲ್ಲಿ ಬಂದೆ ಎಂದವರ ಮಾತನ್ನು ಸುಳ್ಳೆನ್ನಬೇಡಿ, ಎರಡು ಪ್ರಯಾಣಗಳು ನೆನಪಿನಲ್ಲಿ ಒಂದಾಗಿರಬಹುದು ಎಂದು ಟಿಪ್ಪಣಿ ಹಾಕಿ ಇನ್ನೊಂದು ದಿನ ಬೇರೆ ದಿಕ್ಕಿನಿಂದ ಕೇಳಿ.

ಈ ಕೆಲವು ಗೂಟಗಳನ್ನು ಬಾಯಿಪಾಠ ಮಾಡಿಕೊಳ್ಳಿ: 1944ರ ಏಪ್ರಿಲ್ 14ರ ಬಂದರು ಸ್ಫೋಟ, 1960ರ ಮೇ 1ರ ಮಹಾರಾಷ್ಟ್ರ ರಾಜ್ಯ ರಚನೆ, 1964ರ ಮಾರ್ಚ್ 31ರಂದು ಬೋರಿಬಂದರಿನಿಂದ ದಾದರಿಗೆ ಓಡಿದ ಕೊನೆಯ ಟ್ರಾಮ್, 1972ರ ಅಕ್ಟೋಬರ್ 2ರಂದು ಶುರುವಾದ ಮುಂಬಯಿ ದೂರದರ್ಶನ, 1974ರ ಮೇ ತಿಂಗಳ ರೈಲ್ವೆ ಮುಷ್ಕರ, 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಬಂದ ಗಿರಣಿ ಮುಷ್ಕರ, 2005ರ ಜುಲೈ 26ರ ಮಳೆ. "ನೀವು ಬಂದಾಗ ಟ್ರಾಮ್ ಇತ್ತೇ?" ಎಂಬ ಒಂದು ಪ್ರಶ್ನೆ "ಯಾವ ವರ್ಷ ಬಂದಿರಿ?" ಎಂಬುದಕ್ಕಿಂತ ಹತ್ತು ಪಟ್ಟು ಕೆಲಸ ಮಾಡುತ್ತದೆ.

ಮನೆಯ ಕಾಗದಗಳನ್ನೂ ಕೇಳಿ. ಹೋಟೆಲಿನ ಗೋಡೆಗೆ ಕಟ್ಟು ಹಾಕಿಸಿ ತೂಗಿದ ಗುಮಾಸ್ತಾ ಲೈಸೆನ್ಸ್ (ಅಂಗಡಿ ನೋಂದಣಿ ಪತ್ರ), ಹಳೆಯ ರೇಶನ್ ಕಾರ್ಡ್, ಪಾಗಡಿ ಖೋಲಿಯ (ಮುಂಗಡ ಕೊಟ್ಟು ಹಿಡಿದ ಹಳೆಯ ಬಾಡಿಗೆ ಖೋಲಿಯ) ಬಾಡಿಗೆ ರಸೀದಿ, ಗಿರಣಿಯ ಪಾಸ್, ಪ್ರಾವಿಡೆಂಟ್ ಫಂಡ್ ಚೀಟಿ, ರಾತ್ರಿ ಶಾಲೆಯ ಪ್ರಗತಿ ಪತ್ರ. ಕಾಗದಕ್ಕೂ ಮಾತಿಗೂ ತಾಳೆಯಾಗದಿದ್ದರೆ ಕಾಗದವೇ ಸರಿ ಎಂದು ತೀರ್ಮಾನಿಸಬೇಡಿ. ಕೆಲಸಕ್ಕೆ ಸೇರಿಸಲು ಹುಡುಗರ ವಯಸ್ಸನ್ನು ಎರಡು ಮೂರು ವರ್ಷ ಹೆಚ್ಚು ಬರೆಸಿದ್ದು ಸಾಮಾನ್ಯ.

ಲಿಪ್ಯಂತರದಲ್ಲಿ ಕಳೆದುಹೋಗುವುದು

ಒಂದು ಗಂಟೆಯ ಕನ್ನಡ ಮಾತು ಬರೆದಿಳಿಸಲು ಆರು ಗಂಟೆ ಹಿಡಿಯಿರಿ. ತುಳು, ಕೊಂಕಣಿ, ಮರಾಠಿ, ಹಿಂದಿ ಬೆರೆತ ಮುಂಬಯಿ ಮಾತಿಗೆ ಎಂಟರಿಂದ ಹತ್ತು. ಯಂತ್ರದ ಲಿಪ್ಯಂತರ ಗ್ರಾಂಥಿಕ ಕನ್ನಡಕ್ಕೆ ಸ್ವಲ್ಪ ನೆರವಾಗುತ್ತದೆ, ಕುಂದಾಪುರದ ಕುಂದಗನ್ನಡಕ್ಕೂ ತುಳುವಿಗೂ ಅದನ್ನು ನಂಬಬೇಡಿ. ಗೊತ್ತಿಲ್ಲದ ಪದದ ಜಾಗದಲ್ಲಿ ಅದು ಗೊತ್ತಿರುವ ಪದವನ್ನು ಕೂರಿಸುತ್ತದೆ, ವಾಕ್ಯ ನಯವಾಗಿ ಕಾಣುತ್ತದೆ, ಅರ್ಥ ಮಾತ್ರ ಬೇರೆಯಾಗಿರುತ್ತದೆ.

ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒಂದು ಅಪಾಯವನ್ನು ವಿಶೇಷವಾಗಿ ಗಮನಿಸಿ. "ಯಾನ್ ಬತ್ತೆ" ಎಂದರೆ ನಾನು ಬಂದೆ, "ಆಯೆ ಬತ್ತೆ" ಎಂದರೆ ಅವನು ಬಂದ. ಉಚ್ಚಾರದಲ್ಲಿ ಮೊದಲನೆಯದರ ಕೊನೆಯ ಎಕಾರ ಬಾಯಗಲಿಸಿ ಬರುತ್ತದೆ, ಎರಡನೆಯದು ಕಿರಿದು. ಬರಹದಲ್ಲಿ ಎರಡೂ ಒಂದೇ. ಮಾತಿನಲ್ಲಿ "ಯಾನ್", "ಆಯೆ" ಬಿಟ್ಟುಹೋಗುವುದೇ ಹೆಚ್ಚು. ಯಾರು ಓಡಿಬಂದರು, ಯಾರು ಹೊಡೆದರು ಎಂಬುದೇ ತಲೆಕೆಳಗಾಗಬಹುದು. ಅಗಲ ಎಕಾರಕ್ಕೆ ಒಂದು ಗುರುತು ಗೊತ್ತುಮಾಡಿಕೊಂಡು ಕೊನೆಯವರೆಗೂ ಅದನ್ನೇ ಬಳಸಿ, ಗುರುತಿನ ಅರ್ಥವನ್ನು ಕಡತದ ಮೊದಲ ಪುಟದಲ್ಲೇ ಬರೆದಿಡಿ.

ಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. "ಸೇಠ್ನವ್ರು ಗಲ್ಲೆ ಮೇಲೆ ಕೂತಿದ್ರೆ ನಾವು ಪಾಣಿ ಕೂಡ ಕುಡೀಲಿಕ್ಕಿಲ್ಲ" ಎಂಬ ಮಾತಿನಲ್ಲಿ ಮೂರು ಭಾಷೆಯ ಬೆವರಿದೆ. ಲೇಖನದಲ್ಲಿ ಓದುಗರಿಗಾಗಿ ಸ್ವಲ್ಪ ಸಡಿಲಿಸಬಹುದು, ಲಿಪ್ಯಂತರದಲ್ಲಿ ಒಂದಕ್ಷರವೂ ಬದಲಾಗಬಾರದು. ಪ್ರತಿ ಎರಡು ನಿಮಿಷಕ್ಕೊಮ್ಮೆ ಅಂಚಿನಲ್ಲಿ ಸಮಯ ಬರೆಯಿರಿ.

ಹಾಡು, ಪಾಡ್ದನ, ಪಾರಾಯಣ

ಹಾಡನ್ನು ಸಂದರ್ಶನದ ನಡುವೆ ತುಂಡು ಮಾಡಿ ಹಾಡಿಸಬೇಡಿ. ಪಾಡ್ದನ, ಅಂದರೆ ತುಳುವಿನ ಕಥನ ಗೀತೆ, ಎಷ್ಟು ಉದ್ದ ಹೋಗಬಹುದೆಂಬುದಕ್ಕೆ ಒಂದು ಉದಾಹರಣೆ: 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ತಂಡ ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡ ಸಿರಿ ಪಾಡ್ದನ 15,683 ಸಾಲುಗಳಾಯಿತು. ಮುಂಬಯಿಗೆ ಬಂದು ನೆಲೆಸಿದ ಅಜ್ಜಿಗೆ ಇಪ್ಪತ್ತು ಸಾಲೇ ನೆನಪಿರಬಹುದು. ಆ ಇಪ್ಪತ್ತಕ್ಕೂ ಬೆಲೆಯಿದೆ, ಎಲ್ಲಿ ಕಲಿತರು, ನಾಟಿ ಗದ್ದೆಯಲ್ಲೋ ಮನೆಯಲ್ಲೋ, ಕೊನೆಯ ಬಾರಿ ಹಾಡಿದ್ದು ಯಾವಾಗ ಎಂಬುದರ ಜೊತೆಗೆ.

ದೈವಕ್ಕೆ ಸಂಬಂಧಪಟ್ಟ ಕೆಲವು ಭಾಗಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಡುವಂತಿಲ್ಲ ಎನ್ನುವವರಿದ್ದಾರೆ. ಒತ್ತಾಯ ಬೇಡ. "ಇದನ್ನು ಎಲ್ಲರೂ ಕೇಳಬಹುದೇ?" ಎಂದು ಪ್ರತಿ ಹಾಡಿಗೂ ಬೇರೆಯಾಗಿ ಕೇಳಿ, ಉತ್ತರವನ್ನು ಧ್ವನಿಯಲ್ಲೇ ಹಿಡಿಯಿರಿ. ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ. ಹಾಡು ಯಾರೂ ಬರೆಯದ ಜನಪದ ಹಾಡಾದರೂ ಈ ಹಕ್ಕು ಇದ್ದೇ ಇರುತ್ತದೆ.

ಫೋಟೊ ಮತ್ತು ಕ್ಯಾಸೆಟ್

ಫೋಟೊಗಳನ್ನು ಮನೆಯಿಂದ ಹೊರಗೆ ಒಯ್ಯದಿರುವುದೇ ಒಳ್ಳೆಯದು. ಸಣ್ಣ ಫ್ಲಾಟ್‌ಬೆಡ್ ಸ್ಕ್ಯಾನರ್ ಒಯ್ದು ಅಲ್ಲೇ 600 ಡಿಪಿಐ, ಟಿಫ್ ರೂಪದಲ್ಲಿ ಸ್ಕ್ಯಾನ್ ಮಾಡಿ. ನಾಲ್ಕು-ಆರು ಇಂಚಿನ ಬಣ್ಣದ ಫೋಟೊ ಒಂದಕ್ಕೆ 26 ಎಂಬಿ ಆಗುತ್ತದೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊದ ಮುದ್ರೆ ಅಲ್ಲಿರುತ್ತದೆ. ಅಂಟಿನ ಪುಟದ ಆಲ್ಬಮ್ಮಿನಲ್ಲಿ ಮುಂಬಯಿಯ ತೇವಕ್ಕೆ ಫೋಟೊ ಹಿಡಿದುಕೊಂಡಿದ್ದರೆ ಎಳೆಯಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಯಾರು ಯಾರೆಂದು ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಹೇಳಿಸಿ ರೆಕಾರ್ಡ್ ಮಾಡಿ. ಫೋಟೊದ ಮೇಲೆ ಪೆನ್ನು ತಾಗಿಸಬೇಡಿ. ಲ್ಯಾಮಿನೇಷನ್ ಮಾಡಿಸೋಣ ಎಂದು ಮನೆಯವರು ಹೊರಟರೆ ತಡೆಯಿರಿ, ಅದನ್ನು ಮತ್ತೆ ಬಿಡಿಸಲಾಗದು.

ಯಕ್ಷಗಾನ, ಭಜನೆ, ಊರಿಗೆ ಕಳಿಸಲೆಂದು ಮಾತು ತುಂಬಿದ ಕ್ಯಾಸೆಟ್ ಸಿಕ್ಕರೆ ಮೊದಲು ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ, ತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಡೆಕ್ಕಿಗೆ ಹಾಕಬೇಡಿ. ಆ ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದು ತಜ್ಞರ ಕೆಲಸ. ಸ್ವಚ್ಛವಾಗಿದ್ದರೆ ಒಮ್ಮೆ ಈ ತುದಿಯಿಂದ ಆ ತುದಿಗೆ ಸುತ್ತಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನೇರ ತಂತಿಯಲ್ಲಿ ಕಂಪ್ಯೂಟರಿಗೆ ತೆಗೆದುಕೊಳ್ಳಿ. ಸ್ಪೀಕರಿನ ಎದುರು ಮೊಬೈಲ್ ಹಿಡಿದು ಮಾಡಿದ ನಕಲಿನಲ್ಲಿ ಮೂಲದ ಜೊತೆ ನಿಮ್ಮ ಕೋಣೆಯ ಸದ್ದೂ ಸೇರುತ್ತದೆ. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ. ಅವಸರದ ದಾರಿ ಇಲ್ಲ, ಕೂತು ಕೇಳಬೇಕು.

ಒಪ್ಪಿಗೆ, ಮತ್ತು ಅಚ್ಚು ಮಾಡಬಾರದ ಸಂಗತಿ

ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದು ಪುಟ ದಾಟದಿರಲಿ. ಓದಲಾರದವರಿಗೆ ಓದಿ ಹೇಳಿ ಬಾಯಿಮಾತಿನ ಒಪ್ಪಿಗೆಯನ್ನೇ ರೆಕಾರ್ಡ್ ಮಾಡಿ. ಅದರಲ್ಲಿ ನಾಲ್ಕು ಆಯ್ಕೆ ಬೇಕು: ಹೆಸರಿನೊಂದಿಗೆ ಪ್ರಕಟಿಸಬಹುದು, ಹೆಸರಿಲ್ಲದೆ ಪ್ರಕಟಿಸಬಹುದು, ಸಂಗ್ರಹದಲ್ಲಿ ಇಡಬಹುದು ಆದರೆ ಪ್ರಕಟಿಸಬಾರದು, ನನ್ನ ಕಾಲಾನಂತರ ತೆರೆಯಿರಿ.

ಹಾನಿ ಬರುವ ದಾರಿಗಳು ಈ ಊರಿಗೇ ವಿಶಿಷ್ಟ. ಪಾಗಡಿ ಖೋಲಿಯಲ್ಲಿ ಯಾರು ಯಾವಾಗ ವಾಸವಿದ್ದರು ಎಂದು ಅಜ್ಜ ಸಲೀಸಾಗಿ ಹೇಳಿದ ಮಾತು, ಕಟ್ಟಡ ಮರುನಿರ್ಮಾಣಕ್ಕೆ ಬಂದಾಗ ಮೊಮ್ಮಕ್ಕಳ ಹಕ್ಕಿಗೇ ಕುತ್ತಾಗಬಹುದು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣ ಭಾರತೀಯರ ವಿರುದ್ಧ ನಡೆದ ಚಳವಳಿಯ ದಿನಗಳನ್ನು ಹೋಟೆಲಿನವರು ಹೇಳಿ, ಕೂಡಲೇ "ಇದು ಬರೀಬೇಡಿ" ಎನ್ನುತ್ತಾರೆ. ಅದೇ ನೆರೆಹೊರೆಯಲ್ಲಿ ಅವರು ಇಂದಿಗೂ ವ್ಯಾಪಾರ ಮಾಡಬೇಕು. ಆ ಮಾತು ಸಂಗ್ರಹದಲ್ಲಿ ಬೀಗ ಹಾಕಿ ಉಳಿಯಲಿ, ಪತ್ರಿಕೆಗೆ ಹೋಗುವುದು ಬೇಡ. ಸಂಬಳ ಕೊಡದ ಮಾಲೀಕನ ಹೆಸರು ಬಂದರೆ, ಅವನ ಕಡೆಯವರನ್ನು ಕೇಳದೆ ಅಚ್ಚು ಹಾಕುವಂತಿಲ್ಲ.

ಕೂಡಿಡುವುದು

ಫೈಲ್ ಹೆಸರಿಗೆ ಇಂಗ್ಲಿಷ್ ಅಕ್ಷರವನ್ನೇ ಬಳಸಿ, ಜಾಗ ಬಿಡಬೇಡಿ: ವರ್ಷ-ತಿಂಗಳು-ದಿನ, ನಂತರ ಬಡಾವಣೆ, ನಂತರ ವ್ಯಕ್ತಿಯ ಸಂಕೇತ ಸಂಖ್ಯೆ, ನಂತರ ಭಾಗ. ವ್ಯಕ್ತಿಯ ಹೆಸರು ಬೇರೆ ಕಡತದಲ್ಲಿರಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. 2005ರ ಮಳೆ ಕಂಡವರಿಗೆ ಈ ಮೂರನೆಯ ಮಾತು ವಿವರಿಸಬೇಕಿಲ್ಲ. ವರ್ಷಕ್ಕೊಮ್ಮೆ ಡಿಸ್ಕ್ ತೆರೆದು ನೋಡಿ, ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸಿ. ವಾಟ್ಸಾಪಿನಲ್ಲಿ ಫೋಟೊ ಕಳಿಸುವಾಗ "ಡಾಕ್ಯುಮೆಂಟ್" ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ.

ಎಲ್ಲವೂ ನಿಮ್ಮ ಕಪಾಟಿನಲ್ಲೇ ಉಳಿದರೆ ನಿಮ್ಮೊಂದಿಗೇ ಮುಗಿಯುತ್ತದೆ. ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರ ಇಂಥ ಕಡೆ ಮಾತಾಡಿ. ಸಂಗೀತ, ಪಾಡ್ದನಗಳಿಗೆ 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹಾಲಯವಿದೆ. ಎಲ್ಲಿ ಕೊಟ್ಟರೂ ಯಾರು ಕೇಳಬಹುದು, ಯಾರು ನಕಲು ಪಡೆಯಬಹುದು ಎಂಬುದನ್ನು ಬರಹದಲ್ಲಿ ಮಾಡಿಕೊಂಡೇ ಕೊಡಿ.

ಇದನ್ನೇ ವೃತ್ತಿಯಾಗಿ ನಡೆಸುವುದು

ಸಂಪಾದಕರು "ಹಳೆಯ ನೆನಪು" ಎಂದರೆ ಪುರವಣಿಯ ಮೂಲೆಗೆ ಹಾಕುತ್ತಾರೆ. ಕತೆಯನ್ನು ಈ ಹೊತ್ತಿನ ಸುದ್ದಿಗೆ ಕಟ್ಟಿಕೊಂಡು ಹೋಗಿ: ಚಾಳು ಬೀಳುತ್ತಿದೆ, ರಾತ್ರಿ ಶಾಲೆ ಮುಚ್ಚುತ್ತಿದೆ, ಮುಷ್ಕರಕ್ಕೆ ಇಷ್ಟು ವರ್ಷ ತುಂಬಿತು. ಒಂದೇ ಧ್ವನಿಮುದ್ರಿಕೆಯಿಂದ ಆರುನೂರು ಪದದ ಅಂಕಣ, ಎರಡೂವರೆ ಸಾವಿರ ಪದದ ನುಡಿಚಿತ್ರ, ಐದು ನಿಮಿಷದ ಶ್ರವ್ಯ ತುಣುಕು, ಮೂರನ್ನೂ ತೆಗೆಯಬಹುದು. ವಾರಕ್ಕೊಂದು ಸಂದರ್ಶನ ಎಂದು ಹೊರಟವರು ಮೂರು ತಿಂಗಳಲ್ಲಿ ಲಿಪ್ಯಂತರದ ಬೆಟ್ಟದ ಕೆಳಗೆ ಸಿಕ್ಕಿಬೀಳುತ್ತಾರೆ. ಹೊಟ್ಟೆಪಾಡಿನ ವರದಿಗಾರಿಕೆಯ ಜೊತೆ ತಿಂಗಳಿಗೆ ಎರಡು ಸಾಕು. ಆ ಎರಡರ ಲಿಪ್ಯಂತರ ಮುಗಿಯದೆ ಮೂರನೆಯದಕ್ಕೆ ಹೋಗಬೇಡಿ.

ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ ಶುರುಮಾಡಿದ 'ಪರಿ' (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ಜಾಲತಾಣದ ಕನ್ನಡ ಪುಟಗಳನ್ನು ಓದಿ. ದುಡಿಮೆಯನ್ನು ಹೇಗೆ ವಿವರವಾಗಿ ನೋಡಬಹುದು ಎಂಬುದು ಅಲ್ಲಿ ಕಾಣುತ್ತದೆ. ದೊಡ್ಡ ಯೋಜನೆಗೆ ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್‌ನಂಥ ಸಂಸ್ಥೆಗಳ ಅನುದಾನಕ್ಕೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಲಿಪ್ಯಂತರದ ಕೂಲಿ, ಡಿಸ್ಕಿನ ಬೆಲೆ, ಊರಿನ ಪ್ರಯಾಣ, ಮಾತಾಡಿದವರಿಗೆ ಕೊಡುವ ಪ್ರತಿಗಳ ಖರ್ಚನ್ನು ಮರೆಯದೆ ಸೇರಿಸಿ.

ಲೇಖನ ಅಚ್ಚಾದ ವಾರದಲ್ಲೇ ಪತ್ರಿಕೆಯ ಎರಡು ಪ್ರತಿ, ಧ್ವನಿ ತುಂಬಿದ ಪೆನ್‌ಡ್ರೈವ್, ಸ್ಕ್ಯಾನ್ ಮಾಡಿದ ಫೋಟೊಗಳ ಒಳ್ಳೆಯ ಪ್ರಿಂಟ್ ಹಿಡಿದು ಆ ಮನೆಗೆ ಹೋಗಿ. ಲಿಪ್ಯಂತರವನ್ನು ಗಟ್ಟಿಯಾಗಿ ಓದಿ ಹೇಳಿ. ಹೆಸರು, ನೆಂಟಸ್ತನ, ಊರಿನ ಮನೆತನದ ತಪ್ಪುಗಳನ್ನು ಅವರು ಅಲ್ಲೇ ತಿದ್ದುತ್ತಾರೆ. ರೆಕಾರ್ಡರನ್ನು ಚೀಲದಲ್ಲೇ ಇಟ್ಟುಕೊಂಡಿರಿ, ಬ್ಯಾಟರಿ ತುಂಬಿಸಿ. ಅಟ್ಟದ ಮೇಲಿನ ಟ್ರಂಕ್ ಕೆಳಗಿಳಿಯುವುದು ಸಾಮಾನ್ಯವಾಗಿ ಈ ಭೇಟಿಯಲ್ಲಿ.